ಮೀಟರು ಕೊಂಡವನ ಹೊಣೆ



ಮನುಷ್ಯನು ಕೊಂಡುಕೊಳ್ಳುವ ವಸ್ತುಗಳಲ್ಲಿ ಎರಡು ಬಗೆ. ಒಂದು, ಉಂಡು ಉಟ್ಟು ತೀರಿಸುವಂಥದು. ಇನ್ನೊಂದು, ಕೈಯಲ್ಲಿ ಹಿಡಿದು ದುಡಿಯುವಂಥದು. ಮೊದಲನೆಯದರಲ್ಲಿ ಅತಿಯಾದರೆ ಅದು ದುಂದುವೆಚ್ಚವೆಂದು ಎಲ್ಲರೂ ಬಲ್ಲರು. ಎರಡನೆಯದರಲ್ಲಿ ಅತಿ ಎಂಬುದುಂಟೇ? ಸಲಕರಣೆ ಎಷ್ಟಿದ್ದರೂ ಒಳ್ಳೆಯದೇ, ಅದು ದುಡಿಮೆಗಾಗಿಯೇ ಇರುವಂಥದಲ್ಲವೇ ಎಂದು ನಾವೂ ಬಹುಕಾಲ ತಿಳಿದಿದ್ದೆವು. ನಮ್ಮ ಪ್ರಸಾದ ನಿಲಯದಲ್ಲಿ ನಡೆದ ಒಂದು ಚಿಕ್ಕ ಪ್ರಸಂಗವು ಈ ತಿಳಿವಳಿಕೆಯನ್ನು ಅಲುಗಾಡಿಸಿತು. ಅದನ್ನು ಓದುಗರ ಮುಂದಿಟ್ಟು ಅವರೊಡನೆ ವಿಚಾರ ಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಮುಗಿದು ಎರಡು ವಾರವಾಗಿತ್ತು. ರಾತ್ರಿ ಹನ್ನೊಂದಾದರೂ ನಿಲಯದ ಮೇಲಂತಸ್ತಿನ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಹುಡುಗರನ್ನು ಗದರಿಸಿ ಮಲಗಿಸೋಣವೆಂದು ಮೇಲೆ ಹೋದೆವು. ಒಳಗೆ ಡಿಪ್ಲೊಮಾ ಓದುವ ಐದಾರು ವಿದ್ಯಾರ್ಥಿಗಳು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ತಮ್ಮ ತಮ್ಮ ಸಾಮಾನು ಹರವಿಕೊಂಡು ಕುಳಿತಿದ್ದರು. ಒಬ್ಬೊಬ್ಬನೂ ಸರದಿಯಂತೆ ತಾನು ಈಚೆಗೆ ಏನು ಕೊಂಡೆ, ಎಲ್ಲಿ ಕೊಂಡೆ, ಎಷ್ಟು ಬಿತ್ತು, ಏಕೆ ಬೇಕಾಯಿತು ಎಂದು ಹೇಳುತ್ತಿದ್ದ. ಉಳಿದವರು ಅದನ್ನು ಕೈಗೆತ್ತಿಕೊಂಡು, ತಿರುಗಿಸಿ, ಮೂಸಿ ನೋಡುವುದೊಂದು ಬಾಕಿ ಎನ್ನುವಂತೆ ಪರೀಕ್ಷಿಸುತ್ತಿದ್ದರು. ಒಬ್ಬನದು ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರು. ಇನ್ನೊಬ್ಬನದು ಕಾವು ಹೆಚ್ಚು ಕಡಿಮೆ ಮಾಡಬಹುದಾದ ಸೋಲ್ಡರಿಂಗ್ ಐರನ್. ಮತ್ತೊಬ್ಬನದು ಟ್ರಾನ್ಸಿಸ್ಟರ್, ಕೆಪ್ಯಾಸಿಟರ್ ಮುಂತಾದವನ್ನು ಸಿಕ್ಕಿಸಿದರೆ ಅದೇನೆಂದು ತಾನೇ ಗುರುತಿಸಿ ಹೇಳುವ ಅಂಗೈಯಗಲದ ಟೆಸ್ಟರು. ಇವೆಲ್ಲದರ ನಡುವೆ ಮದುಮಗನಂತೆ ಕುಳಿತದ್ದು ಒಂದು ಹಳೆಯ ಆಸಿಲೋಸ್ಕೋಪು. ಗಾಜಿನ ಕೊಳವೆಯದು, 20 ಮೆಗಾಹರ್ಟ್ಸಿನದು. ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಹೋಗಿ, ಲ್ಯಾಮಿಂಗ್ಟನ್ ರೋಡಿನಲ್ಲಿ ದಿನವಿಡೀ ಅಲೆದು, ಮಡಿಲಲ್ಲಿಟ್ಟುಕೊಂಡು ತಂದದ್ದಂತೆ. ಅದರ ಪರದೆಯ ಮೇಲೆ ಹಸಿರು ಗೆರೆಯೊಂದು ಅಲೆಯಂತೆ ಓಡುತ್ತಿತ್ತು. ಗದರಿಸಲು ಹೋದ ನಾವು ಅರ್ಧ ಗಂಟೆ ಅಲ್ಲಿಯೇ ಕುಳಿತುಬಿಟ್ಟೆವು.

ಒಂದು ತಿಂಗಳ ನಂತರ ಆ ಹುಡುಗನ ತಂದೆ ಅಕ್ಕಲಕೋಟೆ ತಾಲೂಕಿನ ತಮ್ಮ ಊರಿನಿಂದ ಮಠದ ಕಚೇರಿಗೆ ಬಂದರು. ಕಾಲೇಜಿನಿಂದ ಅವರಿಗೆ ಪತ್ರ ಹೋಗಿತ್ತು. ಎರಡನೆಯ ಕಂತಿನ ಫೀ ಒಂಬತ್ತು ಸಾವಿರ ರೂಪಾಯಿ ಬಾಕಿ ಇದೆ, ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು. ಆ ಹಣವನ್ನು ಅವರು ತೊಗರಿ ಮಾರಿ, ಸಂಕ್ರಾಂತಿಯ ಮುಂಚೆಯೇ ಮಗನ ಕೈಗೆ ಕೊಟ್ಟಿದ್ದರು. "ಸೆಕ್ರೆಟರಿ ಸಾಹೇಬ್ರ, ಹುಡುಗ ಕುಡದಾನೋ, ಇಸ್ಪೀಟ ಆಡ್ಯಾನೋ ಅಂತ ಜೀವ ಕೈಯಾಗ ಹಿಡಕೊಂಡ ಬಂದೇನ್ರಿ. ಕೇಳಿದ್ರ ಯಾವುದೋ ಡಬ್ಬಿ ತಗೊಂಡೇನಿ ಅಂತಾನ. ಇದು ಚಟ ಹೌದೋ ಅಲ್ಲೋ ನೀವ ಹೇಳ್ರಿ" ಎಂದರು. ಹುಡುಗ ಗೋಡೆಗೆ ಆತು ನಿಂತು, "ಸರ, ನಾನೇನ ಕೆಟ್ಟ ಕೆಲಸಕ್ಕ ಖರ್ಚ ಮಾಡಿಲ್ರಿ. ಕಲಿಯಾಕ ತಗೊಂಡೇನ್ರಿ" ಎಂದ. ಇಬ್ಬರೂ ನಮ್ಮ ಮುಖ ನೋಡಿದರು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಎರಡು ದಿನ ಸಮಯ ಕೇಳಿದೆವು.

ವಾಣಿಜ್ಯ ಓದಿದ ನಾವು ಮೊದಲು ಲೆಕ್ಕದ ಭಾಷೆಯಲ್ಲಿಯೇ ಯೋಚಿಸಿದೆವು. ಖರ್ಚಿನಲ್ಲಿ ಬಂಡವಾಳದ ಖರ್ಚು, ಕಂದಾಯದ ಖರ್ಚು ಎಂದು ಭೇದವಿದೆ. ಚಹಾ ಕುಡಿದರೆ ಅದು ಆ ದಿನಕ್ಕೇ ತೀರಿತು. ಯಂತ್ರ ಕೊಂಡರೆ ಅದು ಆಸ್ತಿ, ವರ್ಷ ವರ್ಷ ಸವಕಳಿ ಕಳೆಯುತ್ತಾ ಬರಬೇಕು. ಹುಡುಗನ ಆಸಿಲೋಸ್ಕೋಪು ಆಸ್ತಿಯೇ ಸರಿ. ಆದರೆ ಸಂಸ್ಥೆಗಳಲ್ಲಿ ಇನ್ನೊಂದು ಪುಸ್ತಕ ಇರುತ್ತದೆ, ಅದಕ್ಕೆ ಡೆಡ್ ಸ್ಟಾಕ್ ರಿಜಿಸ್ಟರ್ ಎನ್ನುತ್ತಾರೆ. ಹುಡುಗನ ತಪ್ಪು ಅಳೆಯುವ ಮುನ್ನ ನಾವು ಮಠದ ಆ ರಿಜಿಸ್ಟರನ್ನೇ ತೆಗೆದು ನೋಡಿದೆವು. ಒಂದೇ ಸಲ ಬಳಸಿದ ಸ್ಲೈಡ್ ಪ್ರೊಜೆಕ್ಟರ್ ಒಂದು. ಜಾತ್ರೆಯಲ್ಲಿ ಗಟ್ಟಿಯಾಗಿ ಕೇಳಲೆಂದು ಕೊಂಡು, ಅತಿ ಗಟ್ಟಿಯಾಯಿತೆಂದು ಮೂಲೆಗಿಟ್ಟ ಆಂಪ್ಲಿಫಾಯರ್ ಒಂದು. ಬೇರೆ ಸಂಸ್ಥೆಯವರು ಕೊಂಡರೆಂದು ನಾವೂ ಕೊಂಡ ಬಣ್ಣದ ಮುದ್ರಣ ಯಂತ್ರ ಒಂದು. ಅದರ ಶಾಯಿ ಒಣಗಿ ಎರಡು ವರ್ಷವಾಗಿದೆ. ಇವೆಲ್ಲವನ್ನೂ ಠರಾವು ಮಾಡಿ, ಸಹಿ ಹಾಕಿ ಕೊಂಡವರು ನಾವೇ. ಓದುಗರೂ ತಮ್ಮ ತಮ್ಮ ಮನೆಯ ಪಡಸಾಲೆಯನ್ನೊಮ್ಮೆ ನೋಡಿಕೊಳ್ಳಬಹುದು. ಆರು ಎಕರೆಗೆ ಎರಡನೆಯ ಟ್ರ್ಯಾಕ್ಟರ್ ಯಾಕೆ ಬಂತು? ಅಡತಿ ಅಂಗಡಿಯಲ್ಲಿ ಒಂದೇ ಗಲ್ಲೆ ಇರುವಾಗ ಮೂರು ಕಂಪ್ಯೂಟರು ಯಾಕೆ ಬಂದವು? ಸಲಕರಣೆಯ ಹೆಸರಿನಲ್ಲಿ ಬರುವ ಆಸೆಯನ್ನು ಆಸೆಯೆಂದು ಗುರುತಿಸುವುದು ಬಹಳ ಕಷ್ಟ, ಏಕೆಂದರೆ ಅದು ದುಡಿಮೆಯ ಬಟ್ಟೆ ಉಟ್ಟು ಬರುತ್ತದೆ.

ಹಾಗಾದರೆ ಅಗತ್ಯ ಎಂಬುದನ್ನು ಹೇಗೆ ತಿಳಿಯಬೇಕು? ಮಲ್ಟಿಮೀಟರಿನ ಇತಿಹಾಸವೇ ಇಲ್ಲಿ ಒಂದು ಪಾಠ ಹೇಳುತ್ತದೆ. ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಡೊನಾಲ್ಡ್ ಮಕೇಡಿ ಎಂಬ ಅಂಚೆ ಇಲಾಖೆಯ ಇಂಜಿನಿಯರ್ ಇದ್ದರು. ಟೆಲಿಫೋನ್ ತಂತಿಗಳ ದೋಷ ಹುಡುಕಲು ಅವರ ಕಾಲದವರು ಕರೆಂಟಿಗೊಂದು, ವೋಲ್ಟೇಜಿಗೊಂದು, ರೆಸಿಸ್ಟನ್ಸಿಗೊಂದು ಎಂದು ಬೇರೆ ಬೇರೆ ಮೀಟರುಗಳನ್ನು ಹೊತ್ತು ತಿರುಗಬೇಕಿತ್ತು. ಈ ಹೊರೆಗೆ ಬೇಸತ್ತು ಅವರು ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದರು. ಆಂಪಿಯರ್, ವೋಲ್ಟ್, ಓಮ್ ಎಂಬ ಮೂರು ಹೆಸರುಗಳ ಮೊದಲಕ್ಷರ ಸೇರಿಸಿ ಅದಕ್ಕೆ ಆವೋಮೀಟರ್ ಎಂದು ಹೆಸರಾಯಿತು. 1923ರಲ್ಲಿ ಮಾರಾಟಕ್ಕೆ ಬಂದ ಈ ಮೀಟರಿನ ವಂಶ 2008ರವರೆಗೂ ತಯಾರಾಗುತ್ತಿತ್ತು. ಹೊರೆ ಕಡಿಮೆ ಮಾಡಲು, ಮೂರನ್ನು ಒಂದು ಮಾಡಲು ಹುಟ್ಟಿದ ವಸ್ತು ಅದು. ಈಗ ಅದನ್ನೇ ಒಬ್ಬೊಬ್ಬರು ಐದು, ಹತ್ತು ಎಂದು ಕೊಂಡು ಸಾಲಾಗಿ ಇಡುತ್ತಾರೆ.

ಇಷ್ಟು ಹೇಳಿ ಸಂಖ್ಯೆಯೇ ತಪ್ಪಿನ ಅಳತೆ ಎಂದುಬಿಟ್ಟರೆ ಅದೂ ನ್ಯಾಯವಾಗದು. ಅಮೆರಿಕದ ಜಿಮ್ ವಿಲಿಯಮ್ಸ್ ಎಂಬ ಹೆಸರಾಂತ ಸರ್ಕೀಟ್ ವಿನ್ಯಾಸಕಾರರು 2011ರಲ್ಲಿ ತೀರಿಕೊಂಡರು. ಅವರ ಕೆಲಸದ ಮೇಜಿನ ಮೇಲೆ ಹಳೆಯ ಆಸಿಲೋಸ್ಕೋಪುಗಳು, ತಂತಿಗಳು, ಅರ್ಧ ಕಟ್ಟಿದ ಸರ್ಕೀಟುಗಳು ಗುಡ್ಡೆಯಾಗಿ ಬಿದ್ದಿದ್ದವು. ಆ ಮೇಜನ್ನು ಅದೇ ವರ್ಷ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ನಗರದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟರು. ನಮ್ಮಂಥ ಲೆಕ್ಕದವರು ನೋಡಿದರೆ ಅರ್ಧಕ್ಕರ್ಧ ಡೆಡ್ ಸ್ಟಾಕ್ ಎಂದು ಬರೆಯುತ್ತಿದ್ದೆವೇನೋ. ಆದರೆ ಅವರು ಕೆಟ್ಟುಹೋದ ಉಪಕರಣಗಳನ್ನು ತಂದು ಬಿಚ್ಚಿ ಸರಿಪಡಿಸುತ್ತಿದ್ದರು. ದುರಸ್ತಿ ಮಾಡುವುದೇ ದೊಡ್ಡ ಪಾಠಶಾಲೆ ಎಂದು ಪ್ರಬಂಧವನ್ನೇ ಬರೆದರು. ಆದ್ದರಿಂದ ಒಂದು ಸಲಕರಣೆ ಅತಿಯೋ ಅಲ್ಲವೋ ಎಂಬುದನ್ನು ಅದರ ಬೆಲೆಯಿಂದಾಗಲಿ, ಎಷ್ಟನೆಯದು ಎಂಬುದರಿಂದಾಗಲಿ ಹೇಳಲಾಗದು. ಅದು ಮನೆಗೆ ಬಂದ ಮೇಲೆ ಕೈ ಅದರ ಮೇಲೆ ಎಷ್ಟು ಆಡಿತು ಎಂಬುದರಿಂದಲೇ ಹೇಳಬೇಕು. ಇದಕ್ಕೆ ಕಾಯಕ ಎಂಬ ಮಾತು ನಮ್ಮಲ್ಲಿ ಮೊದಲೇ ಇದೆ, ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಕೊಂಡದ್ದನ್ನು ಹತ್ತು ಜನರಿಗೆ ತೋರಿಸುವುದು ಸರಿಯೇ? ಇಲೆಕ್ಟ್ರಾನಿಕ್ಸ್ ಹವ್ಯಾಸಿಗಳಲ್ಲಿ ಇದು ಜಗತ್ತಿನಾದ್ಯಂತ ಇರುವ ರೂಢಿ. ಯಾವ ದೇಶದವರಾದರೂ ಇಬ್ಬರು ಸೇರಿದರೆ ಈಚೆಗೆ ಏನು ಕೊಂಡಿರಿ ಎಂಬುದೇ ಮೊದಲ ಮಾತು. ಇದು ಬಂಗಾರ ತೋರಿಸಿದಂತೆ ಡಂಭವೇ ಎಂದು ಒಬ್ಬರು ಕೇಳಬಹುದು. ಆ ರಾತ್ರಿ ನಾವು ಕಂಡದ್ದನ್ನು ಹೇಳಿದರೆ ಓದುಗರೇ ನಿರ್ಣಯಿಸಬಹುದು.

ಹಳದಿ ಮೀಟರಿನವನು ತನ್ನದು ಮುನ್ನೂರು ರೂಪಾಯಿಯೊಳಗೆ ಸಿಕ್ಕಿತೆಂದು ಹಿಗ್ಗಿ ಹೇಳಿದ. ಕೂಡಲೇ ಇನ್ನೊಬ್ಬ ಅದನ್ನು ಕೈಗೆತ್ತಿಕೊಂಡು, ಹತ್ತು ಆಂಪಿಯರಿನ ತೂತಿನ ಪಕ್ಕದಲ್ಲಿ ಫ್ಯೂಸ್ ಇಲ್ಲವೆಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದನ್ನು ತೋರಿಸಿದ. ಆ ತೂತಿನಲ್ಲಿ ವಾಯರು ಬಿಟ್ಟು ಮರೆತು, ವೋಲ್ಟೇಜು ನೋಡಲೆಂದು ಎರಡು ಫೇಸಿಗೆ ಮುಟ್ಟಿಸಿದರೆ ಮೀಟರು ನೇರ ಶಾರ್ಟ್ ಸರ್ಕೀಟು ಆಗುತ್ತದೆ. ತಡೆಯಲು ಒಳಗೆ ಏನೂ ಇಲ್ಲ. ಮೂರನೆಯವನು ಮೀಟರುಗಳ ಮೇಲಿನ ಕ್ಯಾಟ್ ಎಂಬ ಗುರುತನ್ನು ವಿವರಿಸಿದ. ಮನೆಯ ಸಾಕೆಟ್ಟಿಗೆ ಹಚ್ಚುವ ಸಾಮಾನು ಪರೀಕ್ಷಿಸಲು ಕ್ಯಾಟ್ 2, ಕಟ್ಟಡದ ಪ್ಯಾನೆಲ್ ಬೋರ್ಡು, ಮೂರು ಫೇಸಿನ ಸ್ಥಿರ ಮೋಟಾರುಗಳಿಗೆ ಕ್ಯಾಟ್ 3, ಕಂಬದಿಂದ ನೇರ ಬರುವ ತಂತಿಗೆ ಕ್ಯಾಟ್ 4. ನಮ್ಮ ಹೊಲಗಳ ಪಂಪಿನ ಸ್ಟಾರ್ಟರು ಕಂಬದಿಂದ ಇಳಿದ ತಂತಿಯ ಮೊದಲ ಪೆಟ್ಟಿಗೆ. ಅಲ್ಲಿ 415 ವೋಲ್ಟು ಇರುತ್ತದೆ, ಟ್ರಾನ್ಸ್‌ಫಾರ್ಮರಿನ ಪೂರ್ತಿ ಬಲ ಹಿಂದಿರುತ್ತದೆ. ಅಲ್ಲಿ ಈ ಹಳದಿ ಮೀಟರು ಹಚ್ಚುವುದು ಜೀವದ ಜೊತೆ ಆಟ. ಅಗ್ಗದ ಮೀಟರುಗಳ ಮೇಲೆ ಕ್ಯಾಟ್ 3 ಎಂದು ಸುಮ್ಮನೆ ಮುದ್ರಿಸಿ ಮಾರುವುದೂ ಉಂಟು. ಒಳಗೆ ತಕ್ಕ ಫ್ಯೂಸು, ತಕ್ಕ ಅಂತರ ಇದೆಯೋ ಇಲ್ಲವೋ ಎಂಬುದು ಬಿಚ್ಚಿ ನೋಡಿದವರಿಗೆ ಮಾತ್ರ ಗೊತ್ತು. ನಮ್ಮ ಎಷ್ಟು ಜನ ರೈತರು ಇಂಥದೊಂದು ಮೀಟರನ್ನು ಸ್ಟಾರ್ಟರಿನ ಪೆಟ್ಟಿಗೆಯಲ್ಲಿಯೇ ತೂಗುಹಾಕಿದ್ದಾರೆ ಎಂಬುದು ನಮ್ಮ ಕಣ್ಣ ಮುಂದೆ ಬಂತು. ಹಿಗ್ಗಿ ಹೇಳಿದ ಹುಡುಗ ಸಪ್ಪಗಾದ. ಆದರೆ ಅವನು ತೋರಿಸದೆ ಇದ್ದಿದ್ದರೆ ಆ ಮಾತು ಅವನಿಗೆ ತಿಳಿಯುತ್ತಿರಲಿಲ್ಲ, ನಮಗೂ ತಿಳಿಯುತ್ತಿರಲಿಲ್ಲ.

ಬಂಗಾರ ತೋರಿಸುವವನು ಮೆಚ್ಚುಗೆಯನ್ನಷ್ಟೇ ಬೇಡುತ್ತಾನೆ, ಅದರ ದೋಷ ಹೇಳಿದರೆ ಮುಖ ತಿರುಗಿಸುತ್ತಾನೆ. ಸಲಕರಣೆ ತೋರಿಸುವವನು ದೋಷ ಹೇಳಿಸಿಕೊಳ್ಳಲು ಸಿದ್ಧನಿದ್ದರೆ ಅವನದು ಡಂಭವಲ್ಲ. ಇದಕ್ಕಿಂತ ಮೇಲಿನ ಮೆಟ್ಟಿಲೂ ಒಂದಿದೆ. ಆ ಅಂಗೈಯಗಲದ ಟೆಸ್ಟರು ಸಾವಿರ ರೂಪಾಯಿಯೊಳಗೆ ಬರುತ್ತದೆ. ಅದರ ಮೂಲ ವಿನ್ಯಾಸ ಮಾಡಿದವರು ಜರ್ಮನಿಯ ಮಾರ್ಕುಸ್ ಫ್ರೆಯೆಕ್ ಎಂಬ ಹವ್ಯಾಸಿ. ಮುಂದೆ ಅದನ್ನು ಬೆಳೆಸಿದವರು ಅದೇ ದೇಶದ ಕಾರ್ಲ್ ಹೈಂಝ್ ಕ್ಯೂಬ್ಬೆಲರ್. ಇಬ್ಬರೂ ನಕ್ಷೆಯನ್ನೂ ಪ್ರೋಗ್ರಾಮನ್ನೂ ಎಲ್ಲರಿಗೂ ತೆರೆದಿಟ್ಟರು. ಚೀನಾದ ಕಾರ್ಖಾನೆಗಳು ಅದನ್ನೇ ಸಾವಿರಾರು ಸಂಖ್ಯೆಯಲ್ಲಿ ಮಾಡಿ ಮಾರಿದವು, ಬಹುಪಾಲು ಅವರ ಹೆಸರೂ ಹೇಳದೆ. ಹೀಗಿದ್ದೂ ಸೊಲ್ಲಾಪುರದ ಒಂದು ಪ್ರಸಾದ ನಿಲಯದ ಹುಡುಗನ ಅಂಗೈಗೆ ಅದು ಬಂತು. ಕೊಂಡದ್ದರ ಹೊರಮೈ ತೋರಿಸುವುದು ಒಂದು. ಮಾಡಿದ್ದರ ಒಳಗನ್ನೇ ಬಿಚ್ಚಿ ತೋರಿಸುವುದು ಇನ್ನೊಂದು. ಎರಡನೆಯದನ್ನು ದಾಸೋಹ ಎಂದರೆ ತಪ್ಪಾಗಲಾರದು ಎಂದು ನಮ್ಮ ಭಾವನೆ.

ಮೂರನೆಯ ಪ್ರಶ್ನೆ ಸತ್ಯದ್ದು. ಮೀಟರು ಎಂದರೆ ಏನು? ಅದೂ ಒಂದು ತಕ್ಕಡಿ. ವ್ಯಾಪಾರಸ್ಥ ಬಾಂಧವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2009ರ ಲೀಗಲ್ ಮೆಟ್ರಾಲಜಿ ಕಾಯಿದೆಯಂತೆ ಅಂಗಡಿಯ ತಕ್ಕಡಿಯನ್ನು ತಪಾಸಣೆ ಮಾಡಿಸಿ ಮುದ್ರೆ ಹಾಕಿಸಲೇಬೇಕು. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಪ್ರತಿ ವರ್ಷ. ಯಾಕೆ? ತಕ್ಕಡಿ ಹಿಡಿದವನ ಮಾತನ್ನು ಎದುರು ನಿಂತವನು ಪರೀಕ್ಷಿಸಲಾರ. ಕ್ವಿಂಟಲಿಗೆ ಒಂದು ಕಿಲೋ ತಪ್ಪಿದರೆ ರೈತನ ಬೆವರು ಹೋಯಿತು. ಹವ್ಯಾಸಿಯ ಮೀಟರಿಗೆ ಇಂಥ ಮುದ್ರೆಯ ಕಾನೂನಿಲ್ಲ. ಆದರೆ ಅವನು ಕಲಿತ ಮೇಲೆ ನೆರೆಮನೆಯವರು ಕರೆಯುತ್ತಾರೆ, ನಮ್ಮ ಪಂಪು ನೋಡಪ್ಪಾ, ನಮ್ಮ ಇನ್ವರ್ಟರು ನೋಡಪ್ಪಾ ಎನ್ನುತ್ತಾರೆ. ಅವನು ಕರೆಂಟಿಲ್ಲ ಎಂದರೆ ಇಲ್ಲವೆಂದು ನಂಬಿ ತಂತಿ ಹಿಡಿಯುತ್ತಾರೆ.

ಆ ರಾತ್ರಿ ಹುಡುಗರು ಒಂದು ಕೆಲಸ ಮಾಡಿದರು. ಒಂದೇ ಒಂಬತ್ತು ವೋಲ್ಟಿನ ಬ್ಯಾಟರಿಗೆ ನಾಲ್ಕು ಮೀಟರು ಹಚ್ಚಿದರು. ನಾಲ್ಕೂ ನಾಲ್ಕು ಬಗೆ ಹೇಳಿದವು. ವ್ಯತ್ಯಾಸ ಸಣ್ಣದು, ಆದರೆ ಎಲ್ಲವೂ ಸತ್ಯವಾಗಿರಲು ಸಾಧ್ಯವಿಲ್ಲ. ಒಂದೇ ಮೀಟರು ಇದ್ದವನಿಗೆ ಈ ಸಂಶಯವೇ ಹುಟ್ಟುವುದಿಲ್ಲ. ದೇಶದ ಅಳತೆಗಳಿಗೆಲ್ಲ ಮೂಲವಾಗಿ ದಿಲ್ಲಿಯಲ್ಲಿ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವಿದೆ. ಅಲ್ಲಿಂದ ಸರಪಳಿಯಂತೆ ಕೆಳಗಿನ ಪ್ರಯೋಗಾಲಯಗಳಿಗೆ ಅಳತೆ ಇಳಿದು ಬರುತ್ತದೆ. ಬಡ ಹವ್ಯಾಸಿಗೆ ಅಲ್ಲಿಯವರೆಗೆ ಹೋಗುವ ಶಕ್ತಿ ಇಲ್ಲ; ಅವನಿಗೆ ಇರುವ ದಾರಿ ಎಂದರೆ ತನ್ನ ಮೀಟರನ್ನು ಇನ್ನೊಬ್ಬನ ಮೀಟರಿನ ಪಕ್ಕದಲ್ಲಿಟ್ಟು ನೋಡುವುದು. ಅದಕ್ಕಾದರೂ ತೋರಿಸಬೇಕು, ಕೂಡಬೇಕು.

ಮೀಟರು ಸರಿಯಿದ್ದರೂ ಓದುವವನು ತಪ್ಪಬಹುದು. ನಾವು ಚಿಕ್ಕವರಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ರೇಡಿಯೋ ರಿಪೇರಿ ಮಾಡುವವರಿದ್ದರು. ಅವರ ಬಳಿ ಇದ್ದದ್ದು ಒಂದೇ ಮುಳ್ಳಿನ ಮೀಟರು. ಈಗಿನ ಡಿಜಿಟಲ್ ಮೀಟರು ಬಹಳ ಸೂಕ್ಷ್ಮ. ಎಲ್ಲಿಯೂ ಜೋಡಿಸದೆ ಬಿಟ್ಟ ತಂತಿಗೆ ಹಚ್ಚಿದರೂ, ಪಕ್ಕದ ತಂತಿಯ ಪ್ರಭಾವದಿಂದ ನಲವತ್ತೋ ಅರವತ್ತೋ ವೋಲ್ಟು ತೋರಿಸಿಬಿಡುತ್ತದೆ. ಇದಕ್ಕೆ ಭೂತ ವೋಲ್ಟೇಜು ಎನ್ನುತ್ತಾರೆ. ಹಳೆಯ ಮುಳ್ಳಿನ ಮೀಟರು ತಂತಿಯಿಂದ ತುಸು ಕರೆಂಟು ಎಳೆದುಕೊಳ್ಳುವುದರಿಂದ ಆ ಭೂತ ಅಲ್ಲಿಯೇ ಅಡಗುತ್ತಿತ್ತು. ಅದೇ ಕಾರಣಕ್ಕೆ ಸೂಕ್ಷ್ಮ ಸರ್ಕೀಟಿನಲ್ಲಿ ಹಳೆಯದು ಇದ್ದ ವೋಲ್ಟೇಜನ್ನೇ ಇಳಿಸಿ ಕಡಿಮೆ ತೋರಿಸುತ್ತಿತ್ತು. ಎರಡೂ ಸುಳ್ಳು ಹೇಳುವುದಿಲ್ಲ, ಎರಡೂ ಪೂರ್ತಿ ಸತ್ಯವನ್ನೂ ಹೇಳುವುದಿಲ್ಲ. ಆದ್ದರಿಂದ ಹೊಸ ಮೀಟರು ಕೊಂಡವನು ಒಂದು ಹೊಸ ಸಾಕ್ಷಿದಾರನನ್ನು ಮನೆಗೆ ಕರೆತಂದಂತೆ. ಅವನ ಸ್ವಭಾವ ತಿಳಿಯದೆ ಅವನ ಮಾತಿನ ಮೇಲೆ ತೀರ್ಪು ಕೊಡಬಾರದು.

ನಾಲ್ಕನೆಯದು ಸ್ವಲ್ಪ ತೊಡಕಿನ ಪ್ರಶ್ನೆ. ಅದನ್ನು ಆ ಹುಡುಗರೇ ಎತ್ತಿದರು. ಚೀನಾದ ರಿಗೋಲ್ ಎಂಬ ಕಂಪನಿ ಸುಮಾರು 2014ರಲ್ಲಿ ನಾಲ್ಕು ಚಾನೆಲಿನ ಒಂದು ಆಸಿಲೋಸ್ಕೋಪನ್ನು ಹವ್ಯಾಸಿಗಳಿಗೆ ಎಟಕುವ ಬೆಲೆಯಲ್ಲಿ ತಂದಿತು. ಹೇಳಿದ ಶಕ್ತಿ 50 ಮೆಗಾಹರ್ಟ್ಸು. ಬಿಚ್ಚಿ ನೋಡಿದವರಿಗೆ ಕಂಡದ್ದು, ಒಳಗಿನ ಯಂತ್ರ 100 ಮೆಗಾಹರ್ಟ್ಸಿನದೇ. ಪ್ರೋಗ್ರಾಮಿನಲ್ಲಿ ಬೀಗ ಹಾಕಿ ಅರ್ಧ ಶಕ್ತಿಗೆ ಮಾರುತ್ತಾರೆ. ಆ ಬೀಗದ ಕೈ ಹೇಗೋ ಹವ್ಯಾಸಿಗಳಿಗೆ ಸಿಕ್ಕಿ, ಊರೂರಿಗೆ ಹರಡಿತು. ಅನೇಕರು 50ಕ್ಕೆ ಹಣ ಕೊಟ್ಟು 100 ಮಾಡಿಕೊಂಡರು. ಇದು ಕಳ್ಳತನವೇ? "ಸರ, ವಸ್ತು ನಂದು. ರೊಕ್ಕ ಕೊಟ್ಟೇನಿ. ನನ್ನ ಮನಿಯಾಗಿನ ಕೋಣಿ ನಾ ತೆಗೀಬಾರದೇನ್ರಿ?" ಎಂದು ಒಬ್ಬ ಕೇಳಿದ.

ಇದನ್ನು ರೈತರ ಒಂದು ಪ್ರಸಂಗದೊಡನೆ ಹೋಲಿಸಿ ನೋಡೋಣ. ಅಮೆರಿಕದಲ್ಲಿ ದೊಡ್ಡ ಟ್ರ್ಯಾಕ್ಟರುಗಳಿಗೂ ಪ್ರೋಗ್ರಾಮಿನ ಬೀಗ ಬಂದಿದೆ. ಕೆಟ್ಟರೆ ಅನೇಕ ಸಲ ಕಂಪನಿಯ ಮನುಷ್ಯನೇ ಬರಬೇಕಿತ್ತು, ರೈತ ತಾನೇ ದುರಸ್ತಿ ಮಾಡಿಕೊಳ್ಳುವಂತಿರಲಿಲ್ಲ. ಇದರ ವಿರುದ್ಧ ಅಲ್ಲಿಯ ರೈತರು ಹೋರಾಡಿದರು. ಕೊಲೊರಾಡೊ ರಾಜ್ಯವು 2023ರಲ್ಲಿ ಕೃಷಿ ಯಂತ್ರಗಳ ದುರಸ್ತಿಯ ಹಕ್ಕಿಗಾಗಿ ಕಾನೂನನ್ನೇ ಮಾಡಿತು. ಆ ರೈತರು ಕೇಳಿದ್ದು ತಾವು ಹಣ ಕೊಟ್ಟು ಪಡೆದ ಶಕ್ತಿಯನ್ನು ಉಳಿಸಿಕೊಳ್ಳುವ ಹಕ್ಕು. ಆಸಿಲೋಸ್ಕೋಪಿನವನು ಪಡೆದದ್ದು ವ್ಯವಹಾರದ ಮಾತಿನಲ್ಲಿ ಇಲ್ಲದ ಶಕ್ತಿ. ಕೊಳ್ಳುವಾಗ ಆಡಿದ ಮಾತು 50 ಎಂದಿದ್ದರೆ, ಪೆಟ್ಟಿಗೆಯೊಳಗೆ ಏನೇ ಇರಲಿ, ಬೆಲೆ ಕೊಟ್ಟದ್ದು 50ಕ್ಕೆ ಮಾತ್ರ ಎಂದು ನಮಗೆ ತೋರುತ್ತದೆ. ಹುಡುಗರು ಒಪ್ಪಲಿಲ್ಲ. ಕಂಪನಿಗೂ ಇದು ಗೊತ್ತಿದೆ, ಇದರಿಂದಲೇ ಅದರ ಮಾಲು ಹೆಚ್ಚು ಖರ್ಚಾಯಿತು, ಯಾರೂ ಮುಚ್ಚಿಟ್ಟು ಮಾಡುತ್ತಿಲ್ಲ, ಎಲ್ಲರ ಎದುರೇ ಹೇಳುತ್ತಿದ್ದಾರೆ ಎಂದರು. ಅವರ ಮಾತಿನಲ್ಲಿಯೂ ತಿರುಳಿತ್ತು. ನಾವು ಒಂದೇ ಒಂದು ಮಾತು ಕೇಳಿದೆವು: "ತಮ್ಮಾ, ಅದು ಕೆಟ್ಟು ವಾರಂಟಿಗೆ ಕಳಿಸುವಾಗ, ಬೀಗ ತೆಗೆದಿದ್ದೇನೆ ಎಂದು ಚೀಟಿ ಬರೆದು ಕಳಿಸುತ್ತೀಯೋ, ಇಲ್ಲಾ ಬೀಗ ಮತ್ತೆ ಹಾಕಿ ಕಳಿಸುತ್ತೀಯೋ?" ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆ ನಗೆಯಲ್ಲಿ ಉತ್ತರವಿತ್ತು. ಮೆಚ್ಚುವ ಹತ್ತು ಸಾವಿರ ಜನರಿಗೆ ತೋರಿಸಿದರೆ ಸಾಲದು. ಯಾರಿಗೆ ಸಲ್ಲಬೇಕೋ ಆ ಒಬ್ಬನಿಗೆ ತೋರಿಸಬಲ್ಲೆಯಾ ಎಂಬುದೇ ಪರೀಕ್ಷೆ.

ಈ ಮಾತು ಆಡಿದಾಗ ನಮಗೆ ಆ ಆಸಿಲೋಸ್ಕೋಪಿನ ಹುಡುಗನ ಸಂಗತಿ ಗೊತ್ತಿರಲಿಲ್ಲ. ತಿಂಗಳ ನಂತರ ಅವನ ತಂದೆ ಬಂದು ಕುಳಿತಾಗ ಅದೇ ಮಾತು ತಿರುಗಿ ನಮ್ಮೆದುರು ನಿಂತಿತು. ಹವ್ಯಾಸಿಗಳಲ್ಲಿ ಒಂದು ಹಳೆಯ ಹಾಸ್ಯವಿದೆ: ಹೊಸ ಸಲಕರಣೆಯನ್ನು ಎಲ್ಲ ಸ್ನೇಹಿತರಿಗೂ ತೋರಿಸು, ಹೆಂಡತಿಗೆ ಮಾತ್ರ ಬೆಲೆ ಹೇಳಬೇಡ. ಎಲ್ಲರೂ ನಗುತ್ತಾರೆ. ಆದರೆ ಮನೆಯ ಅರ್ಧ ಹಣ ಆಕೆಯದೇ. ನಮ್ಮ ಹುಡುಗನೂ ಅಷ್ಟೇ ಮಾಡಿದ. ಎಲ್ಲಿ ಕೊಂಡೆ, ಎಷ್ಟು ಬಿತ್ತು, ಏನು ದೋಷವಿದೆ, ಹೇಗೆ ಸರಿಪಡಿಸಿದೆ ಎಂದು ಸ್ನೇಹಿತರಿಗೆ ಎಲ್ಲವನ್ನೂ ಹೇಳಿದ. ಹಣ ಯಾರದು ಎಂಬುದೊಂದನ್ನು ಹೇಳಲಿಲ್ಲ. ಅವನ ಸಲಕರಣೆ ಒಳ್ಳೆಯದು, ಉದ್ದೇಶ ಒಳ್ಳೆಯದು, ಕಲಿಕೆ ನಿಜವಾದದ್ದು. ಅದನ್ನು ಚಟ ಎನ್ನಲು ನಮ್ಮ ಮನಸ್ಸು ಒಪ್ಪದು. ಆದರೂ ತಪ್ಪು ಇದೆ, ಅದು ಲ್ಯಾಮಿಂಗ್ಟನ್ ರೋಡಿನಲ್ಲಿ ಹಣ ಎಣಿಸಿದಾಗ ಆದದ್ದಲ್ಲ. ಮುಂಬಯಿಯಿಂದ ಬಂದ ಮೇಲೆ ಪ್ರತಿ ರವಿವಾರ ಊರಿಗೆ ಫೋನು ಮಾಡಿ, ಫೀ ತುಂಬಿದೆಯೇನೋ ಎಂದು ತಂದೆ ಕೇಳಿದಾಗ ಹೂಂ ಎಂದನಲ್ಲ, ಅಲ್ಲಿ ಆದದ್ದು. ಲೆಕ್ಕದಲ್ಲಿ ಖರ್ಚು ತಪ್ಪಾದರೆ ಮರುನಮೂದು ಮಾಡಬಹುದು. ನಮೂದನ್ನೇ ಮುಚ್ಚಿಟ್ಟರೆ ಇಡೀ ಪುಸ್ತಕವೇ ನಂಬಿಕೆ ಕಳೆದುಕೊಳ್ಳುತ್ತದೆ.

ಎರಡು ದಿನದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಇದನ್ನೇ ಹೇಳಿದೆವು. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಅಳೆಯೋ ಮಷೀನ ತಂದಾನ ಖರೆ. ನಾ ಎಷ್ಟ ತೊಗರಿ ಅಳದ ಕೊಟ್ಟ ಮ್ಯಾಲೆ ಆ ರೊಕ್ಕ ಬಂತು ಅನ್ನೋದು ಅವಗ ಗೊತ್ತಿಲ್ಲೇನ್ರಿ" ಎಂದರು. ಮಾರಿಸಿಬಿಡಿ ಎಂದು ಮೊದಲು ಹಟ ಹಿಡಿದರು. ಅವಸರದಲ್ಲಿ ಮಾರಿದರೆ ಅರ್ಧ ಬೆಲೆಯೂ ಬರದು, ಒಂದು ತಪ್ಪಿನ ಮೇಲೆ ಇನ್ನೊಂದು ನಷ್ಟವಾಗುತ್ತದೆ ಎಂದು ತಿಳಿಸಿದೆವು. ಕೊನೆಗೆ ಹೀಗೆ ಗೊತ್ತಾಯಿತು: ಫೀಯ ಹಣವನ್ನು ನಿಲಯದ ವಿದ್ಯಾರ್ಥಿ ಸಹಾಯ ಖಾತೆಯಿಂದ ಹುಡುಗನ ಹೆಸರಿಗೇ ಕೈಗಡ ಬರೆದು ತುಂಬುವುದು, ಬೇಸಿಗೆ ರಜೆಯಲ್ಲಿ ಅವನು ದುಡಿದು ಕಂತುಗಳಲ್ಲಿ ತೀರಿಸುವುದು, ಆಸಿಲೋಸ್ಕೋಪು ನಿಲಯದ ಕೋಣೆಯಲ್ಲಿಯೇ ಇದ್ದು, ಕೊಳ್ಳಲಾಗದ ಬೇರೆ ಹುಡುಗರೂ ಅದರ ಮೇಲೆ ಕಲಿಯುವುದು. ಹುಡುಗ ಒಪ್ಪಿದ. ತಂದೆ ಪೂರ್ತಿ ಒಪ್ಪಿದರೆಂದು ಹೇಳಲಾರೆವು. ಹೋಗುವಾಗ ಮಗನ ಕೋಣೆಗೆ ಹೋಗಿ ಆ ಡಬ್ಬಿಯನ್ನು ಒಮ್ಮೆ ನೋಡಿದರು. ಹುಡುಗ ಹಚ್ಚಿ ತೋರಿಸಿದ. ಹಸಿರು ಗೆರೆ ಓಡಿತು. "ಇದು ಏನ ಹೇಳತೈತಿ?" ಎಂದು ಕೇಳಿದರು. ಹುಡುಗ ಹೇಳಲು ಸುರು ಮಾಡಿದ; ನಾವು ಕೆಳಗೆ ಇಳಿದು ಬಂದೆವು.

ಸದ್ಭಕ್ತರೇ, ಸಲಕರಣೆ ಕೊಂಡವನಿಗೆ ಮೂರು ಜನರ ಋಣವಿದೆ ಎಂದು ಈಗ ನಮಗೆ ತಿಳಿದಿದೆ. ಹಣ ಕೊಟ್ಟವನ ಋಣ, ಅದರ ಅಳತೆಯನ್ನು ನಂಬುವವನ ಋಣ, ಅದಿಲ್ಲದವನ ಋಣ. ಮೊದಲನೆಯದು ಮುಚ್ಚುಮರೆ ಇಲ್ಲದ ಲೆಕ್ಕದಿಂದ ತೀರುತ್ತದೆ, ಎರಡನೆಯದು ಮೀಟರನ್ನು ಆಗಾಗ ಪರೀಕ್ಷೆಗೊಡ್ಡುವುದರಿಂದ, ಮೂರನೆಯದು ಕೈಬಿಚ್ಚಿ ಕೊಡುವುದರಿಂದ. ಈ ಮೂರೂ ತೀರುವಂತಿದ್ದರೆ ಎಷ್ಟು ಸಲಕರಣೆ ಕೊಂಡರೂ ಅತಿಯಾಗದು. ಒಂದು ಉಳಿದರೂ ಮೊದಲ ಮೀಟರೇ ಭಾರ.

ಮಠದ ಆ ಬಣ್ಣದ ಮುದ್ರಣ ಯಂತ್ರವನ್ನು ಬರುವ ಸಭೆಯಲ್ಲಿ ಡೆಡ್ ಸ್ಟಾಕಿನಿಂದ ತೆಗೆಯುವ ಬಗ್ಗೆ ವಿಷಯ ಮಂಡಿಸುತ್ತೇವೆ; ಅದನ್ನು ಕೊಂಡಾಗ ಎಷ್ಟು ಹಣ ಹೋಯಿತು, ಠರಾವಿಗೆ ಸಹಿ ಹಾಕಿದವರು ಯಾರು ಎಂಬುದನ್ನೂ ಸಭೆಯ ಮುಂದೆ ಓದಿ ಹೇಳುತ್ತೇವೆ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಳದಿ ಮೀಟರು ತೂಗುಹಾಕಿದ ರೈತ ಬಾಂಧವರು ದಯವಿಟ್ಟು ಅದನ್ನು ಇಂದೇ ಅಲ್ಲಿಂದ ತೆಗೆದಿಡಬೇಕು. ಬ್ಯಾಟರಿ, ಟಾರ್ಚು ನೋಡಲು ಅದು ಸಾಕು. 415 ವೋಲ್ಟಿನ ಮುಂದೆ ಅದನ್ನು ಹಿಡಿಯಬೇಡಿರಿ.